ಕೈ ನೋಡಿ ರಾಡು ಕೊಡುವವಳು

ಕೆರೆಗೆ ಹೋಗುವ ದಾರಿಯಲ್ಲಿ, ಸೈಕಲ್ ರಿಪೇರಿಯವನಿಗೂ ಬೀಗ ಮಾಡುವವನಿಗೂ ನಡುವೆ ಇಕ್ಕಟ್ಟಾಗಿ ಕೂತಿರುವ ಗಾಳದ ಅಂಗಡಿಗೆ ಬಂದವರು ಮೊದಲು ಗೋಡೆಯ ಮೇಲಿನ, ಮೀನು ಹಿಡಿಯುವ ರಾಡುಗಳನ್ನು ನೋಡುತ್ತಾರೆ. ಅಂಗಡಿಯವಳು ಮೊದಲು ಅವರ ಕೈ ನೋಡುತ್ತಾಳೆ. "ಎಲ್ಲಿ, ಇಲ್ಲಿಡಿ" ಎಂದು ಗಲ್ಲಾದ ಮೇಲೆ ಕೈ ಇಡಿಸಿಕೊಂಡು, ಹೆಬ್ಬೆರಳು ಎಲ್ಲಿವರೆಗೆ ಚಾಚುತ್ತದೆ, ಮಣಿಕಟ್ಟು ಸಲೀಸಾಗಿ ತಿರುಗುತ್ತದೋ ಇಲ್ಲ ಗೊಣಗುತ್ತದೋ ಎಂದು ಹೊರಳಿಸಿ ನೋಡುತ್ತಾಳೆ.

"ಮದುವೆ ಯೋಗ ಇದ್ಯಾ ಅಕ್ಕಾ?" ಎಂದು ಕೇಳುವ ಪಡ್ಡೆ ಹುಡುಗರಿಗೆ ಅವಳ ಉತ್ತರ ಸಿದ್ಧವಾಗಿರುತ್ತದೆ. "ಮದುವೆ ಗೊತ್ತಿಲ್ಲಪ್ಪ. ಈ ಕೈಗೆ ಗಿಡ್ಡ ರಾಡು ಸಾಕು. ಉದ್ದದ್ದು ಕೊಟ್ರೆ ಮೀನಿನ ಬದಲು ಮರದ ಕೊಂಬೆ ಹಿಡ್ಕೊಂಡು ಬರ್ತೀಯ."

ಈ ವಿದ್ಯೆ ಅವಳಿಗೆ ಬಂದದ್ದು ತವರಿನ ಚಪ್ಪಲಿ ಅಂಗಡಿಯಿಂದ. ಅವಳಪ್ಪ ಗಿರಾಕಿಯ ಮುಖ ನೋಡಿದವನೇ ಅಲ್ಲ. ಪಾದ ನೋಡಿ ಮಾತಾಡಿಸುತ್ತಿದ್ದ, ಪಾದ ನೋಡಿ ಬೆಲೆ ಹೇಳುತ್ತಿದ್ದ. ಆ ಮನೆಯ ಮಗಳು ಗಾಳದ ಅಂಗಡಿಗೆ ಸೊಸೆಯಾಗಿ ಬಂದು ಗಿರಾಕಿಗಳ ಕೈ ಹಿಡಿದು ನೋಡತೊಡಗಿದಾಗ, ಅಂಗಡಿ ಕಟ್ಟಿದ ಮಾವ ಮೂಲೆಯ ಸ್ಟೂಲಿನಿಂದಲೇ ಗದರಿದ್ದ. "ಏನಮ್ಮಾ, ರಾಡು ಮಾರ್ತಿದ್ದೀಯೋ, ಬಳೆ ತೊಡಿಸ್ತಿದ್ದೀಯೋ? ಮೀನು ನೋಡಿ ರಾಡು ಕೊಡ್ಬೇಕು. ಕೈ ನೋಡಿ ಯಾರಾದ್ರೂ ಕೊಡ್ತಾರಾ?"

"ಮೀನು ಅಂಗಡಿಗೆ ಬರಲ್ವಲ್ಲ ಮಾವ. ಬರೋದು ಕೈ."

ಮಾವ ಸೋತದ್ದನ್ನು ಒಪ್ಪಲಿಲ್ಲ, ಆದರೆ ಗದರುವುದನ್ನು ನಿಲ್ಲಿಸಿದ. ಮೀನಿನ ವಿಷಯ ಮಾತ್ರ ಅವಳು ಅವನಿಂದಲೇ ಕಲಿತಳು. ಆ ಕೆರೆಯಲ್ಲಿರುವುದು ಬಾಸ್ ಎಂಬ ಮೀನು: ಬಾಯಿ ದೊಡ್ಡದು, ತಾಳ್ಮೆ ಚಿಕ್ಕದು. ಹಸಿವಿಗಿಂತ ಹೆಚ್ಚಾಗಿ ಸಿಟ್ಟಿಗೆ ಬಾಯಿ ಹಾಕುವ ಮೀನು ಎಂದು ಮಾವ ಹೇಳುತ್ತಿದ್ದ. ಹೇಳುವಾಗ ಅವನ ಮುಖದಲ್ಲಿ ಸ್ವಂತ ತಮ್ಮನ ಬಗ್ಗೆ ಮಾತಾಡುವಷ್ಟು ಅಭಿಮಾನ. ಬಿದ್ದ ಮರಗಳ ನಡುವೆ ಹೊಕ್ಕ ಮೀನನ್ನು ಎಳೆದು ತರಬೇಕಾದರೆ ಗಡುಸು ರಾಡು ಬೇಕು. ತೆರೆದ ನೀರಿನಲ್ಲಿ ತಗಡಿನ ರೆಕ್ಕೆ ಗಿರಗಿರ ತಿರುಗಿಸುವ ಲೋಹದ ಹುಸಿಮೀನನ್ನು ಸುಮ್ಮನೆ ಸುತ್ತಿ ತರುವುದಾದರೆ ಮೆತ್ತಗೆ ಬಾಗುವ ರಾಡೇ ಲೇಸು. ಬಾಸ್ ತಾನೇ ಕಚ್ಚಿ, ತಾನೇ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಇಂಥದಕ್ಕೆಂದೇ ಮಾವನ ಬಳಿ ಒಂದು ಹಳದಿ ರಾಡಿತ್ತು. ಹಳೇ ಕಾಲದ ಫೈಬರ್‌ಗ್ಲಾಸಿನದು. ಅದರ ಹಿಡಿ ಅವನ ಅಂಗೈಯ ಎಣ್ಣೆ ಕುಡಿದು ಕಪ್ಪಾಗಿತ್ತು.

ಆಮೇಲೆ ಒಂದು ದಿನ ಮಾವನ ಬಲಗಡೆಗೆ ಲಕ್ವ ಹೊಡೆಯಿತು. ಕಾಲು ಸ್ವಲ್ಪ ಎಳೆದರೂ ದಾರಿಗೆ ಬಂತು. ಬಲಗೈ ಬರಲಿಲ್ಲ. ಲೋಟ ಕೊಟ್ಟರೆ ಲೋಟ ಜಾರಿತು, ಪೆನ್ನು ಕೊಟ್ಟರೆ ಪೆನ್ನು. ಡಾಕ್ಟರು ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಮಾವ ಎಡಗೈಯಿಂದ ಕಿಟಕಿಯಾಚೆ ಎಸೆದ. ಬೀಗದವನು ತಂದು ಕೊಟ್ಟ, ಮತ್ತೆ ಎಸೆದ. ಮೂರನೇ ಸಲ ಬೀಗದವನು ಅದನ್ನು ತನ್ನ ನಾಯಿಗೆ ಕೊಟ್ಟ.

ಊರೂರಿಗೆ ಸರಕು ತಲುಪಿಸುವ ಅವಳ ಗಂಡ, ಅಪ್ಪನ ಮೇಲಿನ ಪ್ರೀತಿಗೆ, ಒಂದು ಉಪಾಯ ಮಾಡಿದ. ಗುಂಡಿ ಒತ್ತಿದರೆ ದಾರ ಬಿಡುವ, ಮಕ್ಕಳಾಡುವ ರೀಲೊಂದನ್ನು ತಂದು ಮುಂದಿಟ್ಟ. ಬಣ್ಣ ಗುಲಾಬಿ, ಕೊಂಡ ಅಂಗಡಿಯಲ್ಲಿ ಅದೊಂದೇ ಉಳಿದಿತ್ತಂತೆ. ಮಾವ ಅದನ್ನೂ ನೋಡಿದ, ಮಗನನ್ನೂ ನೋಡಿದ. ಬೈಯಲಿಲ್ಲ. ಬೈದಿದ್ದರೆ ಮನೆಯಲ್ಲಿ ಎಲ್ಲರಿಗೂ ಊಟ ಸೇರುತ್ತಿತ್ತು.

ಮರುದಿನ ಬೆಳಿಗ್ಗೆ ಸೊಸೆ ಶಟರ್ ಎತ್ತುತ್ತಿದ್ದಾಗ ಹಿಂದಿನಿಂದ ಹೇಳಿದ. "ಗೋಡೆ ಮೇಲಿರೋ ನನ್ನ ರಾಡುಗಳನ್ನ ಮಾರ್ಬಿಡು."

"ಯಾಕೆ ಮಾವ, ಜಾಗಕ್ಕೇನು ಬಾಡಿಗೆ ಕೇಳಿದ್ನಾ?"

"ಮಾರ್ಬಿಡು ಅಂದೆ."

ಅವಳು ತಮಾಷೆ ನಿಲ್ಲಿಸಿದಳು. ಬಳಸಿದ ಮಾಲು ಮಾರಲು ಬರುವವರನ್ನು ಅವಳು ಬಹಳ ನೋಡಿದ್ದಾಳೆ. ಕೆಲವರು ಹೊಸದು ಕೊಳ್ಳಲು ಮಾರುತ್ತಾರೆ, ಕೆಲವರು ಸಾಕೆನಿಸಿ ಮಾರುತ್ತಾರೆ. ಇದು ಎರಡನೇ ದನಿ. ಇವತ್ತು ರಾಡು ಗೋಡೆಯಿಂದಿಳಿದರೆ ನಾಳೆ ಮಾವ ಸ್ಟೂಲಿನಿಂದಿಳಿಯುತ್ತಾನೆ, ನಾಡಿದ್ದು ಹಾಸಿಗೆ ಹಿಡಿದು ಗೋಡೆಗೆ ಮುಖ ತಿರುಗಿಸುತ್ತಾನೆ. ಅದು ಅವಳಿಗೆ ಅಂಗಡಿಯ ಬಿಲ್ಲಿನಷ್ಟು ಸ್ಪಷ್ಟವಾಗಿ ಕಂಡಿತು.

ಆದರೆ ಮಾವನ ಮಾತು ಮೀರುವಂತಿರಲಿಲ್ಲ. ಹಾಗಾಗಿ ರಾಡುಗಳನ್ನು ಮಾರಾಟಕ್ಕಿಟ್ಟಳು. ಇಟ್ಟು, ಮಾರಾಟವಾಗದಂತೆ ಕಾದಳು. ಹುಟ್ಟಿದಾಗಿನಿಂದ ಮಾರುವುದನ್ನೇ ಕಲಿತವಳಿಗೆ ಮಾರದಿರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಬಸ್ ಡ್ರೈವರ್ ಒಬ್ಬ ಗಡುಸು ರಾಡಿಗೆ ಕೈ ಹಾಕಿದರೆ, "ಇದರ ಒಳಗೆ ಸಣ್ಣ ಬಿರುಕಿದೆ ಅಣ್ಣಾ, ಕಾಣಲ್ಲ" ಅಂದಳು. ಕಾಣದಿದ್ದದ್ದು ಬಿರುಕು ಇರಲೇ ಇಲ್ಲವಾದ್ದರಿಂದ. ಮತ್ತೊಬ್ಬನಿಗೆ ಹೇಳಿದ ಬೆಲೆ ಕೇಳಿ ಅವನು ಬಾಗಿಲ ಬೋರ್ಡು ಓದಲು ಆಚೆ ಹೋದ, ತಾನು ಬಂದದ್ದು ಚಿನ್ನದಂಗಡಿಗೋ ಎಂದು ಖಾತ್ರಿ ಮಾಡಿಕೊಳ್ಳಲು.

"ಯಾಕೆ ಒಂದೂ ಹೋಗ್ತಿಲ್ಲ?" ಮಾವ ಕೇಳಿದ.

"ಕಾಲ ಕೆಟ್ಟಿದೆ ಮಾವ."

ಕಾಲ ಕೆಡದ ಗಿರಾಕಿಯಾಗಿ ಬಂದವನು ಎದುರು ಬೀದಿಯ ಕ್ಷೌರದವನು. ಬಿಡುವಿನಲ್ಲಿ ಕೆರೆಗೆ ಹೋಗುವವನು, ಮಾವನ ಹಳೇ ಅಭಿಮಾನಿ. ಹಳದಿ ರಾಡನ್ನು ಇಳಿಸಿ ಹಿಡಿದು, ತುದಿಯನ್ನು ಒಮ್ಮೆ ಕುಣಿಸಿ, ಕಣ್ಣು ಮುಚ್ಚಿಕೊಂಡ.

"ಅಕ್ಕಾ, ಬೆಲೆ ಎಷ್ಟಾದ್ರೂ ಹೇಳಿ. ಚೌಕಾಸಿ ಮಾಡಲ್ಲ."

ಅವಳು ಅಭ್ಯಾಸಬಲದಿಂದ ಅವನ ಕೈ ನೋಡಿದಳು, ನೋಡಿ ಪೆಚ್ಚಾದಳು. ವರ್ಷಾನುಗಟ್ಟಲೆ ಕತ್ತರಿ ಆಡಿಸಿದ ಕೈ; ಹಗುರ, ಹದ, ಅವಸರವಿಲ್ಲದ ಮಣಿಕಟ್ಟು. ಆ ರಾಡಿಗೆಂದೇ ಮಾಡಿಟ್ಟ ಹಾಗಿತ್ತು. ಬಿರುಕಿದೆ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸ್ಟೂಲಿನಿಂದ ಮಾತು ಬಂತು. "ಕೊಡಮ್ಮ ಅವನಿಗೆ. ಸರಿಯಾದ ಕೈಗೆ ಹೋಗುತ್ತೆ. ನೀನೇ ಅಲ್ವಾ ಕೈ ನೋಡಿ ಕೊಡೋಳು?"

ತನ್ನ ಮಾತೇ ತನ್ನ ಕತ್ತು ಹಿಡಿಯಿತು. "ರೀಲಿಗೆ ಹೊಸ ದಾರ ಸುತ್ತಿ ಕೊಡ್ತೀನಿ ಅಣ್ಣಾ, ಭಾನುವಾರ ಬನ್ನಿ" ಎಂದು ಅವನನ್ನು ಸಾಗಹಾಕಿದಳು.

ಹಳದಿ ರಾಡಿನ ರೀಲು ರಾಡಿನ ಬೆನ್ನ ಮೇಲೆ ಕೂರುವ ಜಾತಿಯದು. ಎಸೆಯುವಾಗ ದಾರ ಸುತ್ತಿದ ಉರುಳೆ ತಾನೇ ಗಿರ್ರನೆ ತಿರುಗುತ್ತದೆ. ಹೆಬ್ಬೆರಳಿಟ್ಟು ಅದನ್ನು ಹದದಲ್ಲಿ ಇಡದಿದ್ದರೆ ದಾರ ಜಡೆಗಟ್ಟಿ ಕೂರುತ್ತದೆ. ಸುತ್ತುವ ಹಿಡಿಕೆ ಬಲಗಡೆಗೆ. ದಾರ ಬಿಗಿಯಾಗಿ ಸುತ್ತಲು ಇಬ್ಬರು ಬೇಕು, ಗಂಡ ಊರಲ್ಲಿರಲಿಲ್ಲ. ಹೆಣೆದ ಹೊಸ ದಾರದ ತುದಿಯನ್ನು ಉರುಳೆಗೆ ಕಟ್ಟುತ್ತಾ ಅವಳು ಯೋಚಿಸದೆ ಹೇಳಿಬಿಟ್ಟಳು. "ಮಾವ, ನಾನು ದಾರ ಹಿಡ್ಕೋತೀನಿ. ಸ್ವಲ್ಪ ತಿರುಗಿಸಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮಾವ ರಾಡನ್ನು ಎಡಗೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡ. ಬಲಗೈ ನಿಧಾನವಾಗಿ ಎದ್ದು ಹಿಡಿಕೆಯ ಮೇಲೆ ಕೂತು ತಿರುಗಿಸಲು ಶುರುಮಾಡಿತು. ಲೋಟ ಹಿಡಿಯದ ಕೈ! ಬೆರಳು ಬಿಗಿಯಲು ಬಾರದಿದ್ದರೂ ಅಂಗೈಯನ್ನೇ ಒತ್ತಿ ಸುತ್ತು ಹಾಕುತ್ತಿತ್ತು. ಆ ಸುತ್ತಿನ ದಾರಿ ಅದಕ್ಕೆ ಮರೆತಿರಲಿಲ್ಲ.

ಅವಳಿಗೆ ದಾರ, ಅಂಗಡಿ, ಭಾನುವಾರ ಎಲ್ಲ ಮರೆತುಹೋದವು. ಮನೆಮಂದಿಯೆಲ್ಲ ಬಲಗೈಯನ್ನೇ ನೋಡಿ ನೋಡಿ ಕಣ್ಣೀರು ಹಾಕಿದ್ದರು. ಊರಿನವರ ಕೈಯನ್ನೆಲ್ಲ ಹೊರಳಿಸಿ ನೋಡಿದವಳು ಮಾವನ ಎಡಗೈಯನ್ನು ಒಮ್ಮೆಯೂ ನೋಡಿರಲಿಲ್ಲ.

"ಮಾವ, ಕೈ ಇಲ್ಲಿಡಿ. ಎಡದ್ದು."

"ಏನಂತೆ?"

"ಇಡಿ ಅಂದ್ನಲ್ಲ. ಅಂಗಡಿಯಲ್ಲಿ ನಾನು ಹೇಳಿದ ಹಾಗೆ."

ಇಟ್ಟ. ಗಟ್ಟಿ ಕೈ, ಉದ್ದನೆಯ ಹೆಬ್ಬೆರಳು, ಮಣಿಕಟ್ಟು ಸಲೀಸು. "ಇಷ್ಟು ದಿನ ನೀವು ಹೇಗೆ ಎಸೀತಿದ್ರಿ? ಬಲಗೈಲಿ ಎಸೆದು, ರಾಡನ್ನ ಎಡಗೈಗೆ ದಾಟಿಸಿ, ಬಲಗೈಲಿ ಸುತ್ತಿದ್ರಿ. ಹೌದಾ? ಈಗ ಎಡಗೈಲೇ ಎಸೀರಿ. ದಾಟಿಸೋ ಕೆಲಸಾನೇ ಇಲ್ಲ. ಸುತ್ತೋದನ್ನ ಬಲಗೈ ಈಗ್ತಾನೆ ಮಾಡಿ ತೋರಿಸ್ತು."

ಮಾವ ರೀಲನ್ನು ನೋಡಿದ, ತನ್ನ ಎರಡು ಕೈಗಳನ್ನೂ ಹೊಸಬರನ್ನು ನೋಡುವಂತೆ ನೋಡಿದ. "ಎಡಗೈಲಿ ಎಸೀತಾರೇನೇ?" ಎಂದ. ಬಹಳ ದಿನಗಳ ಮೇಲೆ ಅವಳನ್ನು ಸಲಿಗೆಯಿಂದ 'ಏನೇ' ಅಂದಿದ್ದ. ಅವಳಿಗೆ ಅಷ್ಟೇ ಸಾಕಾಯಿತು.

ಹಿಂದಿನ ಓಣಿಯಲ್ಲಿ ಬಟ್ಟೆ ಒಗೆಯುವ ಅಗಲದ ತೊಟ್ಟಿಯನ್ನಿಟ್ಟು ಅದಕ್ಕೆ ಗುರಿ ಹಿಡಿದು ಎಸೆಯುವುದು ಎಂದಾಯಿತು. ಕೊಕ್ಕೆ ಕಳಚಿದ ಸೀಸದ ಗುಂಡು ದಾರದ ತುದಿಗೆ. ಮೊದಲ ಎಸೆತಕ್ಕೆ ಗುಂಡು ಕಾಲ ಬುಡದಲ್ಲೇ ಬಿತ್ತು, ದಾರ ಕಾಗೆಗೂ ಬೇಡವಾದ ಗೂಡಾಯಿತು. ಎರಡನೆಯದು ಬೀಗದವನ ತಗಡಿನ ಮಾಡಿನ ಮೇಲೆ ಢಣ್ಣೆಂದಿತು.

"ಯಾರಪ್ಪಾ ಅದು?" ಬೀಗದವನು ಕೂಗಿದ.

"ನಿಮ್ಮ ನಾಯಿಗೆ ಇನ್ನೊಂದು ಚೆಂಡು!" ಅವಳು ಕೂಗಿದಳು.

"ಮಾರ್ಬಿಡು ಇದನ್ನ, ದರಿದ್ರದ್ದು" ಎಂದು ಮಾವ ರಾಡನ್ನು ಗೋಡೆಗೆ ಒರಗಿಸಿದ. ಅವಳು ಕೂತು ಸಿಕ್ಕು ಬಿಡಿಸಿದಳು. ಉರುಳೆ ಬಿಗಿ ಮಾಡುವ ತಿರುಪನ್ನು ತಿರುಗಿಸಿ, ಗುಂಡು ತಾನಾಗಿ ನಿಧಾನಕ್ಕೆ ಕೆಳಗಿಳಿಯುವಷ್ಟು ಹದ ಮಾಡಿದಳು. ಗುಂಡನ್ನೂ ಸ್ವಲ್ಪ ಭಾರದ್ದಕ್ಕೆ ಬದಲಿಸಿದಳು. ಭಾರವಿದ್ದರೆ ಕಲಿಯುವ ಹೆಬ್ಬೆರಳಿಗೆ ಸುಳಿವು ಬೇಗ ಸಿಗುತ್ತದೆ. "ಎಡಗೈ ಹೊಸ ಆಳು ಮಾವ. ಕೆಲಸಕ್ಕೆ ಸೇರಿದ ದಿನಾನೇ ಬೈದ್ರೆ ಬಿಟ್ಟೋಗುತ್ತೆ."

"ಸಂಬಳ ಕೊಡ್ದೆ ಇಟ್ಕೊಂಡಿರೋ ಆಳು. ಎಲ್ಲಿಗೆ ಹೋಗುತ್ತೆ?" ಎಂದು ಮಾವ ಮತ್ತೆ ರಾಡು ಎತ್ತಿಕೊಂಡ.

ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಇದೇ ಗಲಾಟೆ. ಮಾವ ಬೈಯುತ್ತಿದ್ದ: ಗಾಳಿಯನ್ನು, ತೊಟ್ಟಿಯನ್ನು, ಸೊಸೆಯ ತವರನ್ನು. ಶನಿವಾರ ಗುಂಡು ತೊಟ್ಟಿಯೊಳಗೆ ಧೊಪ್ಪನೆ ಬಿತ್ತು. ಮಾವ ಇನ್ನೊಮ್ಮೆ ಎಸೆದ; ಮತ್ತೆ ಬಿತ್ತು. "ತೊಟ್ಟಿ ದೊಡ್ಡದಾಯ್ತು. ಬಕೆಟ್ ಇಡು" ಎಂದ.

ಭಾನುವಾರ ಕ್ಷೌರದವನು ತಲೆ ಬಾಚಿಕೊಂಡು ಬಂದ. ರಾಡು ಮಾವನ ಕೈಯಲ್ಲಿತ್ತು. ಕೊಡುತ್ತೇನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. "ಕೆರೆಗೆ ನಡಿ. ತಗೊಳ್ಳೋ ಮುಂಚೆ ಅದು ಕೆಲಸ ಮಾಡುತ್ತಾ ನೋಡ್ಬೇಡ್ವಾ?" ಎಂದ. ಸೊಸೆ ಶಟರ್ ಎಳೆದು ಜೊತೆಗೆ ಹೊರಟಳು. ವಾರದಲ್ಲಿ ವ್ಯಾಪಾರ ಹೆಚ್ಚಾಗುವ ದಿನ ಬಾಗಿಲು ಹಾಕಿದ್ದು ಅವಳ ಲೆಕ್ಕದಲ್ಲಿ ಅದೇ ಮೊದಲು.

ದಡದಲ್ಲಿ ನಿಂತು ಮಾವ ರೆಕ್ಕೆಯ ಹುಸಿಮೀನನ್ನು ಜೊಂಡಿನ ಅಂಚಿಗೆ ಎಸೆದ. ಬಲಗೈ ಹಿಡಿಕೆಯ ಮೇಲೆ ಕೂತು ನಿಧಾನ ಸುತ್ತತೊಡಗಿತು. ಆ ಹಳೇ ರೀಲು ಒಂದು ಸುತ್ತಿಗೆ ಎಳೆಯುವುದೇ ಕಡಿಮೆ ದಾರ. ಅದಕ್ಕೇ ಕೈಗೆ ಹಗುರ. ಎರಡು ಎಸೆತ ಬರಿದಾದವು. ಮೂರನೆಯದರಲ್ಲಿ ಹಳದಿ ರಾಡು ಇದ್ದಕ್ಕಿದ್ದಂತೆ ನಮಸ್ಕಾರ ಮಾಡಿತು.

"ಬಂತು!" ಕ್ಷೌರದವನು ಕೂಗಿದ. ಮಾವ ಸುತ್ತಿದ. ಹಿಡಿಕೆ ತಿರುಗಿತು, ದಾರ ಬರಲಿಲ್ಲ. ಮತ್ತೆ ಸುತ್ತಿದ. ಉರುಳೆ ಒಳಗೆ ತಿರುಗುತ್ತಿತ್ತು. ಮೇಲಿನ ದಾರದ ಉಂಡೆ ಮಾತ್ರ ನಿಂತಲ್ಲೇ ಜಾರುತ್ತಿತ್ತು. ಮೀನು ಜೊಂಡಿನ ಕಡೆಗೆ ಹೊರಟಿತು.

ತಪ್ಪು ಎಲ್ಲಾಗಿದೆಯೆಂದು ಸೊಸೆಗೆ ಹೊಳೆಯಿತು. ಹೆಣೆದ ದಾರ ನುಣುಪು. ಉರುಳೆಗೆ ಮೊದಲು ಸಾದಾ ನೈಲಾನ್ ದಾರ ಒಂದಿಷ್ಟು ಸುತ್ತಿ ಅದರ ಮೇಲೆ ಇದನ್ನು ಸುತ್ತಬೇಕು, ಇಲ್ಲದಿದ್ದರೆ ಉಂಡೆ ಇಡಿಯಾಗಿ ಜಾರುತ್ತದೆ. ಈ ತಪ್ಪು ಮಾಡಿಕೊಂಡು ಬರುವವರನ್ನು ಅವಳು ಗಲ್ಲಾದಲ್ಲೇ ನಿಲ್ಲಿಸಿ ಗೇಲಿ ಮಾಡುತ್ತಿದ್ದಳು. ಅವತ್ತು ಮಾವನ ಕೈ ನೋಡುವ ಭರದಲ್ಲಿ ತಾನೇ ಮಾಡಿಟ್ಟಿದ್ದಳು. ಓಣಿಯಲ್ಲಿ ಸೀಸದ ಗುಂಡು ಎಳೆದಾಡಲಿಲ್ಲ, ಗುಟ್ಟು ಹೊರಬೀಳಲಿಲ್ಲ. ಈ ಮೀನು ಹೋದರೆ ಮಾವನಿಗೆ ಹೋಗುವುದು ಮೀನೊಂದೇ ಅಲ್ಲವೆಂದು ಅವಳಿಗೆ ಗೊತ್ತಿತ್ತು. ರಾಡಿಗೆ ಕೈ ಹಾಕಲು ಒಂದು ಹೆಜ್ಜೆ ಮುಂದಿಟ್ಟಳು.

"ಮುಟ್ಬೇಡ!" ಮಾವ ಗುಡುಗಿದ.

ಎಡಗೈಯ ಹೆಬ್ಬೆರಳು ದಾರದ ಉಂಡೆಯ ಮೇಲೆ ಬಂದು ಕೂತಿತು, ಒತ್ತಿತು, ಉಂಡೆ ನಿಂತಿತು. ಆಮೇಲೆ ಮಾವ ಸುತ್ತುವುದನ್ನೇ ಬಿಟ್ಟು, ರಾಡಿನ ಬುಡವನ್ನು ಹೊಟ್ಟೆಗೆ ಒತ್ತಿಕೊಂಡು, ಎಳೆಯುವ ಕಾಲನ್ನು ಎಳೆಯುತ್ತಲೇ ಹಿಂದಕ್ಕೆ ನಡೆಯತೊಡಗಿದ. ಮೊಂಡು ಎಮ್ಮೆಯನ್ನು ಹಗ್ಗ ಹಿಡಿದು ಎಳೆಯುವವನಂತೆ ದಡ ಹತ್ತಿದ. ಮೆತ್ತನೆಯ ರಾಡು ಬಾಗಿತು, ಎದ್ದಿತು. ಮೀನಿನ ಸಿಟ್ಟನ್ನೆಲ್ಲ ತಾನು ನುಂಗಿತು. ಕ್ಷೌರದವನು ಮೊಣಕಾಲುವರೆಗೆ ನೀರಿಗಿಳಿದು ಬಾಸಿನ ಕೆಳದವಡೆ ಹಿಡಿದೆತ್ತಿದ. ಹಸಿರು ಬೆನ್ನು, ಕಪ್ಪು ಪಟ್ಟೆ, ಊರಗಲ ಬಾಯಿ.

ಮಾವ ಮೀನನ್ನು ನೋಡಲಿಲ್ಲ. ಸೊಸೆಯ ಕಡೆ ತಿರುಗಿದ. "ಒಳಗೆ ನೈಲಾನ್ ಸುತ್ತಲಿಲ್ಲ ನೀನು! ಯಾವ ಅಂಗಡಿಯವಳೇ ನೀನು? ಹೋಗು, ಹೋಗಿ ಚಪ್ಪಲಿ ಮಾರು! ನಾಳೆ ಅಂಗಡೀಲಿರೋ ಎಲ್ಲಾ ರೀಲು ಬಿಚ್ಚಿ ನನ್ನ ಮುಂದೆ ಸುತ್ತಬೇಕು, ಒಂದೊಂದನ್ನೂ!" ಉಸಿರು ಸಾಲದೆ ನಿಂತು, ಸುಧಾರಿಸಿಕೊಂಡು, ಮತ್ತೆ ಬೈದ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ಆಯ್ತು ಮಾವ, ಆಯ್ತು ಮಾವ" ಎನ್ನುತ್ತಿದ್ದಳು. ಇಷ್ಟು ಒಳ್ಳೆಯ ಬೈಗುಳ ಕೇಳಿ ಎಷ್ಟು ಕಾಲವಾಗಿತ್ತು!

ಮೀನನ್ನು ನೀರಿಗೆ ಬಿಟ್ಟ ಕ್ಷೌರದವನು ಕೈ ಒರೆಸಿಕೊಂಡು, ಸಂಕೋಚದಿಂದ ಕೇಳಿದ. "ಯಜಮಾನ್ರೇ, ರಾಡು… ನಾನು ಒಯ್ಯಲಾ?"

ಮಾವ ಹಳದಿ ರಾಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಹಳ ಗಂಭೀರವಾಗಿ, "ಎಲ್ಲಿ, ಕೈ ಕೊಡು" ಎಂದ. ಎಡಗೈಯಿಂದ ಅವನ ಕೈ ಹಿಡಿದು ಹೊರಳಿಸಿದ, ಹೆಬ್ಬೆರಳು ಒತ್ತಿ ನೋಡಿದ, ತಲೆ ಅಲ್ಲಾಡಿಸಿದ. "ಊಹೂಂ. ಈ ಕೈಗೆ ಇದು ಹೊಂದಲ್ಲಪ್ಪ. ನಿನಗೆ ಗೋಡೆ ಮೇಲಿರೋ ಆ ನೀಲಿದು ಸರಿ. ನಾನೇ ಆರಿಸಿ ಕೊಡ್ತೀನಿ ಬಾ. ಬೇಕಾದ್ರೆ ಇವಳನ್ನ ಕೇಳು."

ಇಬ್ಬರೂ ಅವಳ ಕಡೆ ನೋಡಿದರು. ಆ ಕೈಗೂ ಆ ರಾಡಿಗೂ ಎಂಥ ಜೋಡಿ ಎಂದು ಊರಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವಳಿಗೆ. ಅವಳು ಕ್ಷೌರದವನ ಕೈಯನ್ನು ಮತ್ತೊಮ್ಮೆ, ಮುಖ ಗಂಟಿಕ್ಕಿಕೊಂಡು, ಬೆಳಕಿಗೆ ಹಿಡಿದು ನೋಡಿದಳು.

"ಮಾವ ಹೇಳೋದು ಸರಿ ಅಣ್ಣಾ," ಅಂದಳು. "ನೀಲಿದೇ ತಗೊಳ್ಳಿ. ಬೆಲೆಯಲ್ಲಿ ಸ್ವಲ್ಪ ನೋಡಿ ಹಾಕ್ತೀನಿ."