ಬಿರುಕಿಗೆ ಸುರಿದ ನೀರು

ದೆವ್ವ, ಶಕುನ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಗುಂಡ್ಲುಪೇಟೆಯ ತವರಿನಲ್ಲಿ ಅಜ್ಜಿ ಹೇಳುತ್ತಿದ್ದ ಕತೆಗಳನ್ನು ಅರ್ಧಕ್ಕೇ ನಿಲ್ಲಿಸಿ ಜಗಳ ತೆಗೆಯುತ್ತಿದ್ದವಳು ನಾನು. ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ.

ಚಾಮರಾಜನಗರದ ನಮ್ಮ ಬೀದಿ ಇರುವುದು ಕಪ್ಪು ಎರೆ ಮಣ್ಣಿನ ಮೇಲೆ. ಬೇಸಿಗೆಯಲ್ಲಿ ಸೀಳುತ್ತದೆ, ಮಳೆಗೆ ಉಬ್ಬುತ್ತದೆ. ಕೆಲವು ವರ್ಷಗಳ ಹಿಂದೆ ಅದರಡಿಯಲ್ಲಿ ಒಳಚರಂಡಿ ಪೈಪು ಹೂತರು. ಮರುಬೇಸಿಗೆಗೇ ಎದುರುಮನೆ ಮಾದೇವಮ್ಮನವರ ಬಾಗಿಲ ಮುಂದೆ ಕೈ ತೂರುವಷ್ಟು ಬಿರುಕು ಬಿಟ್ಟಿತು. ನಗರಸಭೆಗೆ ದೂರು ಕೊಟ್ಟೆವು, ಯಾರೂ ಬರಲಿಲ್ಲ. ಮಾದೇವಮ್ಮ ಹತ್ತಿರದ ಉಡಿಗಾಲ ಹಳ್ಳಿಯಲ್ಲಿ ಹೊಲ ಮಾಡಿದವರು. ಎರೆ ಹೊಲದ ಬಿರುಕು ನೀರು ಕುಡಿದರೆ ತಾನೇ ಕೂಡಿಕೊಳ್ಳುತ್ತದೆ ಎಂಬುದು ಅವರು ಕಣ್ಣಾರೆ ಕಂಡದ್ದು. ದಿನಾ ಸಂಜೆ ಬಟ್ಟೆ ಒಗೆದ ನೀರನ್ನು ಅದಕ್ಕೆ ಸುರಿಯತೊಡಗಿದರು. ಬಿರುಕಿನ ಬಾಯಿ ಕಿರಿದಾಯಿತು. ಅದನ್ನು ನೋಡಿ ಬೀದಿಯವರೆಲ್ಲ ಅದೇ ಬಿರುಕಿಗೆ ನೀರು ಸುರಿಯತೊಡಗಿದೆವು.

ಒಂದು ಸಂಜೆ ದೀಪ ಹಚ್ಚಿ ಬಚ್ಚಲಿಗೆ ಹೋದೆ. ನೀರು ಹೋಗುವ ತೂತಿನೊಳಗಿಂದ ಮಾದೇವಮ್ಮನವರ ದನಿ ಕೇಳಿತು.

"ಸಾಕು ಕಣಮ್ಮಿ, ಇನ್ನ ನೀರುಯ್ಬ್ಯಾಡ. ಒಳಗೆಲ್ಲ ಟೊಳ್ಳಾಗ್ಬುಟ್ಟದೆ."

ಬೀದಿಗೆ ಓಡಿದೆ. ಅವರು ತಮ್ಮ ಬಾಗಿಲಲ್ಲಿ ಬಕೆಟ್ ಹಿಡಿದು, ತುಟಿ ಬಿಚ್ಚದೆ ನೀರು ಸುರಿಯುತ್ತಿದ್ದರು. ಕೇಳಿದ್ದನ್ನು ಹೇಳಿ ಬಕೆಟ್ ಕಿತ್ತುಕೊಳ್ಳಲು ಹೋದೆ.

"ನಾನೆಲ್ಲಿ ಮಾತಾಡ್ದೆ? ಎರೆ ನೆಲದಲ್ಲಿ ಹುಟ್ದೋಳ್ಗೆ ಬಿರುಕಿನ ಕತೆ ಹೇಳ್ತೀಯಲ್ಲ! ಒಲೆ ಮ್ಯಾಲೆ ಹಾಲಿಟ್ಟಿದ್ರೆ ನೋಡ್ಕೊ ಓಗು," ಎಂದು ನಕ್ಕರು.

ಮರುದಿನ ಬೆಳಗ್ಗೆ ರಂಗೋಲಿ ಹಾಕಲು ಕೂತಿದ್ದಾಗ ನೆಲ ಅವರನ್ನು ನುಂಗಿತು. ಇಡೀ ಬೀದಿಯಲ್ಲಿ ಒಂದು ಗಟ್ಟಿ ಹಗ್ಗವಿಲ್ಲ, ಯಾರಿಗೆ ಫೋನ್ ಮಾಡಬೇಕೆಂದು ಯಾರಿಗೂ ತಿಳಿಯದು. ಸೀರೆಗಳನ್ನು ಗಂಟು ಹಾಕಿ ಇಳಿಬಿಟ್ಟೆವು. ಹಿಡಿಯಲು ಕೆಳಗಿನಿಂದ ಕೈ ಬರಲಿಲ್ಲ.

ಪೈಪಿನ ಕೀಲು ಬಿಟ್ಟಿತ್ತಂತೆ. ನಾವು ಸುರಿದ ನೀರು ಮಣ್ಣನ್ನು ಅದರೊಳಕ್ಕೆ ಕೊಚ್ಚಿಕೊಂಡು ಹೋಗಿ ಕೆಳಗೆ ಪೊಳ್ಳು ಮಾಡಿತ್ತಂತೆ. ದನಿಯ ಬಗ್ಗೆ ಕೇಳಿದ್ದಕ್ಕೆ, ಆಮೇಲೆ ಬಂದ ನಗರಸಭೆಯ ಎಂಜಿನಿಯರ್, ಅದು ಚರಂಡಿ ಗ್ಯಾಸಿನ ಸದ್ದು ಎಂದರು. ಗ್ಯಾಸು 'ಕಣಮ್ಮಿ' ಎನ್ನುತ್ತದೆಯೇ? ನನಗಂತೂ ತಿಳಿಯದು.

ಹೆಣ ಮೇಲೆತ್ತಿದ ಮೇಲೆ ಗುಂಡಿಗೆ ಅದೇ ಎರೆ ಮಣ್ಣು ತುಂಬಿದರು. ಈ ಬೇಸಿಗೆಯಲ್ಲಿ ಬೀದಿ ಮತ್ತೆ ಸೀಳಿದೆ, ಈ ಸಲ ನನ್ನ ಬಾಗಿಲಲ್ಲೇ. ನೀರು ಹಾಕಬೇಡಿ ಎಂದು ಮನೆಮನೆಗೂ ಹೋಗಿ ಹೇಳಿದೆ. ಕಣ್ಣಿಗೆ ಬಿರುಕು ಮುಚ್ಚಿದಂತೆ ಕಂಡರೆ ಸಾಕು ಅವರಿಗೆ. ಸಂಜೆಯಾದರೆ ಬಕೆಟ್ಟಿನ ಸದ್ದು. ದಿನವೂ ದೀಪ ಹಚ್ಚಿ ಬಚ್ಚಲಿಗೆ ಹೋಗುತ್ತೇನೆ, ತೂತಿಗೆ ಕಿವಿಯಿಟ್ಟು ಮಾದೇವಮ್ಮನವರನ್ನು ಕರೆಯುತ್ತೇನೆ. ಈಗ ಅಲ್ಲಿಂದ ಏನೂ ಕೇಳಿಸುವುದಿಲ್ಲ.