ಸೊನ್ನೆ ಎಕರೆ

ಆ ತಪ್ಪನ್ನು ಮೊದಲು ಹಿಡಿದವನು ನಾನೋ, ಶಿರಸಿಯ ಝೆರಾಕ್ಸ್ ಅಂಗಡಿಯ ಭಾಯಿಯೋ ಎಂದು ಖಚಿತವಾಗಿ ಹೇಳಲಾರೆ. ನಾನೇ ಎಂದು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ. ಮೊನ್ನೆ ಕಚೇರಿಯ ಝೆರಾಕ್ಸ್ ಯಂತ್ರದಿಂದ ಈಚೆ ಬಂದ ಬಿಸಿ ಹಾಳೆಯ ವಾಸನೆ ಮೂಗಿಗೆ ಬಡಿದಾಗ ಅನುಮಾನ ಶುರುವಾಯಿತು.

ಆಗಷ್ಟೇ ಇಂಜಿನಿಯರಿಂಗ್ ಮುಗಿಸಿದ್ದೆ. ಹುಡುಗಿಯರ ಹಾಸ್ಟೆಲೊಂದಕ್ಕೆ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಆನ್‌ಲೈನ್ ಅರ್ಜಿಯ ಪುಟ ಬರೆದುಕೊಟ್ಟಿದ್ದೆ. ಕಡ್ಡಾಯವಾದ ಒಂದೇ ಒಂದು ಅಂಕಣ ಖಾಲಿ ಬಿಟ್ಟರೂ ಅರ್ಜಿ ಮುಂದೆ ಹೋಗದು. ಅದೇ ನನ್ನ ಹೆಮ್ಮೆ. ಭಾಯಿ ಜನರಿಗೆ ಅದನ್ನು ತುಂಬಿಕೊಡುತ್ತಿದ್ದರು.

ಕೊನೆಯ ದಿನ. ಐದು ಗಂಟೆಗೆ ಅರ್ಜಿ ಬಂದ್. ಯಲ್ಲಾಪುರಕ್ಕೆ ಹೋಗಿದ್ದ ನನಗೆ ಭಾಯಿ ಫೋನ್ ಮಾಡಿ ಕರೆಸಿದರು; ಬಸ್ಸು ಹಿಡಿದು ಬಂದೆ. ಅಂಗಡಿಯಲ್ಲಿ ಕೋಲಸಿರ್ಸಿಯ ತಾಯಿಯೊಬ್ಬರು ಮಗಳ ಅಂಕಪಟ್ಟಿ ಹಿಡಿದು ಕೂತಿದ್ದರು. ಹಾಸ್ಟೆಲ್ ಸಿಗದಿದ್ದರೆ ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತಿತ್ತು. ಪರದೆಯ ಮೇಲೆ ಕೆಂಪಕ್ಷರ: ‘ಜಮೀನು ಎಷ್ಟು ಎಕರೆ, ತುಂಬಿರಿ.’

“ಜಮೀನು ತುಂಬಿಲ್ಲವಲ್ಲ ಅಮ್ಮ?” ಎಂದೆ.

“ಇಲ್ದೇ ಇದ್ದಿದ್ನ ಎಂತ ಅಂತ ಬರೆಯದು ತಮ್ಮ?”

“ಸೊನ್ನೆ ಹೊಡ್ದೀನಿ, ನೋಡ್ರಿ,” ಎಂದರು ಭಾಯಿ. “ಒಂದು ಅಂದ್ರೆ ತಗೊಳ್ತದೆ, ಸೊನ್ನೆ ಬ್ಯಾಡ ಅಂತದೆ. ನಿಮ್ಮ ಪುಟ ಬರೀ ಜಮೀನ್ದಾರರಿಗೇನ್ರಿ, ಇಂಜಿನಿಯರ್ ಸಾಹೇಬ್ರೆ?”

“ಹಾಂಗಂತ ಒಂದೆಕರೆ ಹಾಕ್ಬೇಡಿ ಮಾರಾಯ್ರೆ,” ಎಂದು ಆಕೆ ಗಾಬರಿಯಾದರು. “ನಾಳೆ ತೋರ್ಸು ಅಂದ್ರೆ ಎಲ್ಲಿಂದ ತರದು?”

ಖಾಲಿಯೇ ಎಂದು ನೋಡಲು ನಾನು ಬಳಸಿದ್ದು ‘ಎಂಪ್ಟಿ’ ಎಂಬ ಆದೇಶ. ಪಿಎಚ್‌ಪಿಯ ಆ ಪರೀಕ್ಷೆಗೆ ಬರಿದಾದ ಅಂಕಣವೂ ಒಂದೇ, ಸೊನ್ನೆ ಬರೆದ ಅಂಕಣವೂ ಒಂದೇ. ಏನೂ ಹೇಳದವರನ್ನೂ ‘ಏನೂ ಇಲ್ಲ’ ಎಂದು ಹೇಳಿದವರನ್ನೂ ನಾನು ಒಟ್ಟಿಗೇ ಹೊರಗಿಟ್ಟಿದ್ದೆ. ಭಾಯಿಯ ಕಂಪ್ಯೂಟರಿನಲ್ಲೇ ಕೂತು, ಒಂದಕ್ಷರವೂ ಇಲ್ಲದಿದ್ದರೆ ಮಾತ್ರ ಖಾಲಿ ಎಂದು ತಿದ್ದಿದೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಅರ್ಜಿ ಹೋಯಿತು. ನಾವು ಮೂವರೂ ಸುಮ್ಮನೆ ನಕ್ಕೆವು…

ಅಥವಾ ಹಾಗೆ ನೆನಪು. ಒಂದು, ಸೊನ್ನೆ ಎಂದು ಭಾಯಿ ನಿಜಕ್ಕೂ ಪರೀಕ್ಷಿಸಿದ್ದರೇ, ಇಲ್ಲ ಆ ಮಾತನ್ನು ನಾನೇ ಆಮೇಲೆ ಅವರ ಬಾಯಿಗೆ ಹಾಕಿದೆನೇ… ಕೇಳೋಣವೆಂದರೆ ಭಾಯಿ ಇಲ್ಲ. ಅವರು ತೀರಿಕೊಂಡ ಸುದ್ದಿಯೂ ನನಗೆ ತಡವಾಗಿ ಮುಟ್ಟಿತು. ಅಂಗಡಿಯಲ್ಲೀಗ ಮೊಬೈಲ್ ಕವರುಗಳು ತೂಗುತ್ತವೆ.

ನಿನ್ನೆ ಹಳೆಯ ಡಿಸ್ಕಿನಲ್ಲಿ ಆ ಅರ್ಜಿಗಳ ಪಟ್ಟಿ ಸಿಕ್ಕಿತು. ಕೋಲಸಿರ್ಸಿಯ ಹುಡುಗಿಯದೇ ಕೊನೆಯದು: ಜಮೀನು, ಸೊನ್ನೆ. ಅದರ ಹಿಂದಿನದು ಒಂದೂವರೆ ಗಂಟೆ ಮೊದಲೇ, ನಾನಿನ್ನೂ ಬಸ್ಸಿನಲ್ಲಿದ್ದಾಗ ದಾಖಲಾಗಿದೆ. ಹುಡುಗಿಯರ ಹಾಸ್ಟೆಲಿಗೆ ಸೀಟು ಕೇಳಿದ ಆ ಅರ್ಜಿಯಲ್ಲಿರುವುದು ಭಾಯಿಯ ಹೆಸರು. ಜಮೀನು, ಒಂದು ಎಕರೆ.