ಚಿಗವ್ವನಿಗೆ ಹೇಳಗೊಡದ ಮಾತು

ಆಕೆಯ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ರೇಶನ್ ಅಂಗಡಿಯ ಯಂತ್ರದ ಮೇಲೆ ಹೆಬ್ಬೆಟ್ಟು ಎಷ್ಟು ಒತ್ತಿದರೂ ಅದು ಗುರುತು ಹಿಡಿಯುತ್ತಿರಲಿಲ್ಲ. "ನಾ ಅದೀನಿ ಅನ್ನೂದ ಈ ಡಬ್ಬಿಗೆ ತಿಳೀವಲ್ದು ನೋಡವಾ," ಎಂದು ನಗುತ್ತಿದ್ದಳು. ಕಾರ್ಖಾನೆಗಳ ಖಾಲಿ ಡ್ರಮ್ಮುಗಳನ್ನು ಗುಜರಿಯವನಿಗಾಗಿ ತೊಳೆದು ತೊಳೆದು ಸವೆದ ಕೈಗಳು ಅವು.

ವಿಜಯಪುರದ ಕಡೆಯವಳು. ಕೊಂಕಣಿ ಸೀಮೆಯ ಬಾಯ್ನಾ ಎಂಬ ಕಡಲದಂಡೆಯ ಕೇರಿಯಲ್ಲಿ ಸರಕಾರ ಮನೆ ಕೆಡವಿದ ಮೇಲೆ ನಮ್ಮ ಓಣಿಗೆ ಬಂದಳು. ನಮಗೆ ಸಂಬಂಧಿಯಲ್ಲ, ಆದರೂ ನನಗೆ ಚಿಗವ್ವ. ಅವ್ವ ಪಾಳಿಯ ಕೆಲಸಕ್ಕೆ ಹೋದಾಗ ರೊಟ್ಟಿ ಬಡಿದು ಹಾಕಿದವಳು. ಬಡಿಯುವ ಮುಂಚೆ ಹುಣಸೆಹಣ್ಣು ಹಚ್ಚಿ ಕೈ ಉಜ್ಜುತ್ತಿದ್ದಳು. ನಾತ ಹೋಗುತ್ತಿರಲಿಲ್ಲ. ಅದಕ್ಕೇ ತುತ್ತು ಮಾಡಿ ಉಣಿಸುತ್ತಿರಲಿಲ್ಲ, ತಾಟು ಮುಂದಿಟ್ಟು ದೂರ ಕೂರುತ್ತಿದ್ದಳು.

ಡ್ರಮ್ಮಿನ ತಳದಲ್ಲಿ ಉಳಿದದ್ದನ್ನು ಓಣಿಯ ಹಿಂದಿನ ಗುಡ್ಡದ ಹಳೆಯ ಕಲ್ಲುಕ್ವಾರಿಯ ಗುಂಡಿಗಳಿಗೆ ಸುರುವಬೇಕೆಂದು ಗುಜರಿಯವನ ಅಪ್ಪಣೆ. ಕಾರ್ಖಾನೆಯ ಟ್ಯಾಂಕರುಗಳೂ ಅಲ್ಲಿಗೇ ಬರುತ್ತಿದ್ದವು. ಒಂದು ದಿನ ಎಲ್ಲದರ ಮೇಲೂ ಮಣ್ಣು ಮುಚ್ಚಿದರು. ವರ್ಷಗಳ ನಂತರ ಗುಡ್ಡದ ಕೆಳಗಿನ ಬಾವಿಯ ನೀರು ಕಂದುಬಣ್ಣಕ್ಕೆ ತಿರುಗಿತು; ಜಾಗ ಶುದ್ಧ ಮಾಡಲು ಗುತ್ತಿಗೆದಾರರು ಬಂದರು. ಅವರಲ್ಲಿ ಪರೀಕ್ಷೆಗೆಂದು ಮಣ್ಣು ತುಂಬಿದ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ ನನಗೆ ಸಿಕ್ಕಿತು. ಗುಂಡಿಗಳ ನಕ್ಷೆ ಯಾರ ಬಳಿಯೂ ಇರಲಿಲ್ಲ. ಕಂಡಕಂಡಲ್ಲಿ ಕೊರೆದು ಸುಸ್ತಾದ ಇಂಜಿನಿಯರಿಗೆ ನಾನೇ ಚಿಗವ್ವನ ವಿಷಯ ಹೇಳಿದೆ.

ಬಂದಳು. ಗೇರುಮರಗಳ ನಡುವೆ ನಿಧಾನ ನಡೆದು ಮೂರು ಕಡೆ ಕೋಲು ಊರಿದಳು. "ಇವೆರಡು ಟ್ಯಾಂಕರಿನವ್ರು ಸುರುವಿದ್ದು ಸಾಹೇಬ್ರ. ಆ ಕಡೀದು ನಾ ಸುರುವಿದ್ದು." ಯಂತ್ರ ಒಂದಾಳು ಆಳ ಅಗೆಯುವಷ್ಟರಲ್ಲಿ ಮಣ್ಣು ಕಪ್ಪಾಯಿತು.

ಹಿಂದಿರುಗುವಾಗ ಆ ಬಾವಿಯ ಮನೆಯ ಗೇಟಿನ ಮುಂದೆ ನಿಂತುಬಿಟ್ಟಳು. ಬೇಸಿಗೆಯಲ್ಲಿ ಡ್ರಮ್ಮು ಉರುಳಿಸಿಕೊಂಡು ಬರುತ್ತಿದ್ದ ಚಿಗವ್ವನಿಗೆ ಆ ಮನೆಯ ಕೊಂಕಣಿ ಹೆಂಗಸು, ಎಲ್ಲರೂ ಬಾಯಿ ಎನ್ನುವವಳು, ದಿನಾ ನೀರು ಸೇದಿ ಕೊಡುತ್ತಿದ್ದಳಂತೆ.

"ಆಕಿ ಕೊಟ್ಟ ನೀರು ಕುಡುದು ಆಕಿ ಬಾವಿಗೇ ವಿಷ ಹಾಕೇನಿ. ಒಳಗ ಹೋಗಿ ಹೇಳಿ ಬರ್ತೀನಿ."

ನಾನು ಕೈ ಹಿಡಿದು ಎಳೆದೆ. "ಈಗ ಬ್ಯಾಡ ಚಿಗವ್ವ. ಬಾವಿ ಕೆಡಿಸಿದವರು ಯಾರಂತ ವಿಚಾರಣಿ ನಡದೈತಿ. ದೊಡ್ಡವರು ಪಾರಾಗ್ತಾರ, ಈಕಿ ದೂರು ಕೊಟ್ರ ನಿನ್ನ ಹಿಡೀತಾರ. ನಿನಗೇನು ಗೊತ್ತಿತ್ತು?"

"ಗೊತ್ತಿರಲಿಲ್ಲ ಅಂತ ಹೆಂಗ ಅನ್ಲಿ? ನಾತ ಬರ್ತಿತ್ತಲ್ಲ."

"ಎಲ್ಲಾ ಮುಗೀಲಿ, ನಾನ ಕರಕೊಂಡು ಹೋಗ್ತೀನಿ."

ಆಕೆಗಾಗಿ ಹೆದರಿದ್ದೆ ಎಂದು ಹೇಳಿಕೊಳ್ಳಬಹುದು. ನನ್ನ ಕೆಲಸ ಹೋದೀತೆಂದೂ ಹೆದರಿದ್ದೆ. ಆಮೇಲೆ ಎರಡು ಸಲ, "ಮುಗೀತೇನವಾ?" ಎಂದು ಕೇಳಿದಳು. ಎರಡೂ ಸಲ ಇನ್ನೂ ಇಲ್ಲವೆಂದೆ. ಗುಂಡಿಯ ಮಣ್ಣು ಹೊತ್ತ ಕೊನೆಯ ಲಾರಿ ಹೊರಡುವ ಮೊದಲೇ ಚಿಗವ್ವ ತೀರಿಕೊಂಡಳು. ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ.

ದಿನಕರ್ಮ ಮುಗಿದ ಮೇಲೆ ನಾನೊಬ್ಬಳೇ ಆ ಮನೆಗೆ ಹೋದೆ. ಅಂಗಳದಲ್ಲಿ ನಿಂತೇ ಎಲ್ಲ ಹೇಳಿದೆ. ಬಾಯಿ ಕೊಂಕಣಿಯಲ್ಲಿ ಹೇಳಿದಳು: ಅವತ್ತು ಗೇಟಿನಲ್ಲಿ ಆಕೆ ನಿಂತದ್ದನ್ನು ಕಿಟಕಿಯಿಂದ ನೋಡಿದ್ದೆ. ಒಳಗೆ ಕರೆಯೋಣವೆಂದು ಚಪ್ಪಲಿ ಮೆಟ್ಟಿ ಬರುವಷ್ಟರಲ್ಲಿ ನೀನು ಕರೆದುಕೊಂಡು ಹೋಗಿಬಿಟ್ಟಿದ್ದೆ. ಅಷ್ಟೇನು ಅವಸರವಿತ್ತು ನಿನಗೆ?